ಅರ್ಧ ಎಚ್‌ಪಿ ರೊಟ್ಟಿ ಮಷಿನ್: 14 ತಿಂಗಳು ಬಳಸಿದ ಮೇಲೆ

ವಾರಕ್ಕೆ ಇಬ್ಬರು ಮೂವರಾದರೂ ಫೋನ್ ಮಾಡುತ್ತಾರೆ. "ಅಕ್ಕಾರ, ರೊಟ್ಟಿ ಮಷಿನ್ ತಂದೀರಂತಲ್ಲ, ಹ್ಯಾಂಗದ ರೀ? ನಾವೂ ತಗೋಬೇಕಂತ ಮಾಡೀವಿ." ಅಫಜಲಪುರದಿಂದ ಕೇಳಿದ್ದಾರೆ, ಸೇಡಂನಿಂದ ಕೇಳಿದ್ದಾರೆ, ಮೊನ್ನೆ ಭಾಲ್ಕಿಯಿಂದಲೂ ಒಬ್ಬರು ಕೇಳಿದರು. ಫೋನಿನಲ್ಲಾದರೆ ರೇಟು, ಮೋಟಾರು, ಕರೆಂಟು ಇಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಹೇಳಬೇಕಾದದ್ದು ಅದಕ್ಕಿಂತ ಜಾಸ್ತಿ ಇದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯಲ್ಲಿ, ಮನೆಯ ಮುಂದಿನ ಎರಡು ಖೋಲಿಯಲ್ಲಿ ನಡೆಯುವ ರೊಟ್ಟಿ ಕೇಂದ್ರ. ಒಂಬತ್ತು ವರ್ಷವಾಯಿತು. ನನ್ನ ಜೊತೆ ನಾಲ್ವರು ಹೆಣ್ಣುಮಕ್ಕಳು ದುಡಿಯುತ್ತಾರೆ. ಅವರ ಹೆಸರು ಬರೆಯುವುದಿಲ್ಲ, ನಾವು ಕರೆಯುವ ಹಾಗೆ ಬರೆಯುತ್ತೇನೆ: ಆಳಂದದ ಕಾಕಿ, ಜೇವರ್ಗಿಯಾಕಿ, ಮೂಲಿಮನಿ ತಂಗಿ, ಓಣಿಯ ಆಪಾ. ಖಾನಾವಳಿಗಳಿಗೆ ಬಿಸಿ ರೊಟ್ಟಿ, ಅಂಗಡಿಗಳಿಗೆ ಖಡಕ್ ರೊಟ್ಟಿ, ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಶುರುವಾದ ಮೇಲೆ ಮಕ್ಕಳಿಗೆ ಒಯ್ಯುವವರು ಹಿಂದಿನ ದಿನವೇ ಬಂದು ಖಡಕ್ ರೊಟ್ಟಿಯ ಕಟ್ಟು ತಗೊಂಡು ಹೋಗುತ್ತಾರೆ.

ಮಷಿನ್ ತರುವ ಮೊದಲು ಐದು ಮಂದಿ ಸೇರಿ ದಿನಕ್ಕೆ 800 ರೊಟ್ಟಿ ಮಾಡುತ್ತಿದ್ದೆವು. ನಸುಕಿನ 5ಕ್ಕೆ ಕೂತರೆ ಮಧ್ಯಾಹ್ನ 2ರ ತನಕ ಬಡಿಯುವುದೇ, ಆಮೇಲೆ ಎಣಿಸಿ ಕಟ್ಟುವುದು. ಒಂದು ದಿನ ಮಗಳು ನನ್ನ ಪಕ್ಕ ಕೂತು ಎಣಿಸಿದಳು. ಉಂಡಿ ಮಣೆಗೆ ಬಿದ್ದಲ್ಲಿಂದ ರೊಟ್ಟಿ ಹಂಚಿಗೆ ಏರುವ ತನಕ ಒಂದು ರೊಟ್ಟಿಗೆ 60ರಿಂದ 70 ಏಟು. ನನ್ನ ಪಾಲಿಗೆ ದಿನಕ್ಕೆ 160 ರೊಟ್ಟಿ. ಗುಣಿಸಿ ನೋಡಿದಳು, ಹತ್ತು ಸಾವಿರ ದಾಟಿತು. "ಯವ್ವಾ, ಒಂದ ದಿನಕ್ಕ ಹತ್ತ ಸಾವಿರ ಸಲ ಬಡೀತಿ ನೀ" ಅಂದಳು. ಅಲ್ಲಿಯ ತನಕ ಯಾರೂ ಅದನ್ನು ಎಣಿಸಿರಲಿಲ್ಲ. ನಾನಂತೂ ರೊಟ್ಟಿ ಎಣಿಸಿದ್ದೆ, ಏಟು ಎಣಿಸಿರಲಿಲ್ಲ.

ಆಳಂದದ ಕಾಕಿಯ ಬಲಗೈ ಆಗಲೇ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆಕೆಯ ತಲೆ ಬಾಚಿ ಹೆರಳು ಹಾಕುವುದು ಮೊಮ್ಮಗಳು. ಕುಬಸದ ತೋಳಿಗೆ ಕೈ ತೂರಿಸಲು ಯಾರಾದರೂ ಹಿಂದೆ ನಿಂತು ಹಿಡಿಯಬೇಕಿತ್ತು. ನನಗೆ ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ಡಾಕ್ಟರು ಆರು ವಾರ ಕೈಗೆ ವಿಶ್ರಾಂತಿ ಕೊಡಿ ಎಂದರು. ರೊಟ್ಟಿ ಮಾಡಿ ಬದುಕುವವರಿಗೆ ಆರು ವಾರ ಎಲ್ಲಿಂದ ಬರಬೇಕು?

ಇನ್ನು ಮಷಿನ್ ಸಂಗತಿ. ಮೋಟಾರು ಅರ್ಧ ಎಚ್‌ಪಿ, ಸಿಂಗಲ್ ಫೇಸ್. ಒಂದು ದುಂಡನೆಯ ತಟ್ಟೆ, ಅದರ ಮೇಲೆ ಒಂದು ಉರುಳೆ. ಉಂಡಿಯನ್ನು ನಡುವೆ ಇಟ್ಟು, ಒಣ ಹಿಟ್ಟು ಉದುರಿಸಿ, ಹಿಡಿಕೆ ಎಳೆದರೆ ತಟ್ಟೆ ತಿರುಗುತ್ತದೆ, ಉರುಳೆ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗುತ್ತದೆ. ಇಪ್ಪತ್ತು ಸೆಕೆಂಡಿಗೆ ಒಂದು ರೊಟ್ಟಿ. ದಪ್ಪ ತೆಳುವಿಗೆ ಒಂದು ತಿರುಪು ಇದೆ. ಅಳತೆ ಮಾತ್ರ ಒಂದೇ, ಒಂಬತ್ತು ಇಂಚು. ಸಾಗಾಣಿಕೆ ಎಲ್ಲ ಸೇರಿ ನನಗೆ ಬಿದ್ದದ್ದು ₹94,500. ಕಂಪನಿ ಹೆಸರು ಬರೆಯುವುದಿಲ್ಲ. ಬೇರೆ ಬೇರೆಯವರು ಈ ನಮೂನೆ ಮಾಡುತ್ತಾರೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲ ವಾರ ಅಳುವುದೊಂದೇ ಬಾಕಿ. ಹತ್ತು ರೊಟ್ಟಿಯಲ್ಲಿ ನಾಲ್ಕು ಅಂಚು ಬಿರಿದು ಹೂವಿನ ಎಸಳಿನಂತಾಗುತ್ತಿದ್ದವು. ತಪ್ಪು ಮಷಿನ್‌ದಲ್ಲ, ನಮ್ಮ ಹಿಟ್ಟಿನದು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಜೋಳದ ಹಿಟ್ಟನ್ನು ಕೂಡಿಸಿ ಹಿಡಿಯುವುದು ಎಸರಿನ ಕಾವು. ಕುದಿಯುವ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಅಂಟಾಗುತ್ತದೆ, ಆ ಅಂಟಿನ ಮೇಲೆ ರೊಟ್ಟಿ ನಿಲ್ಲುತ್ತದೆ. ಕೈಯಿಂದ ಬಡಿಯುವಾಗ ಎಸರು ಸ್ವಲ್ಪ ಕಡಿಮೆ ಬಿದ್ದರೂ ನಡೆಯುತ್ತಿತ್ತು. ಯಾಕೆಂದರೆ ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚು ಕಾಯುತ್ತಿರುತ್ತದೆ, ಬಿರುಕು ಕಂಡಲ್ಲಿ ಹೆಬ್ಬೆರಳು ತಾನೇ ಹೋಗಿ ಮುಚ್ಚುತ್ತದೆ. ಮಷಿನ್‌ಗೆ ಹೆಬ್ಬೆರಳು ಇಲ್ಲ. ಹಾಗಾಗಿ ತಪ್ಪೆಲ್ಲ ನಾದುವಾಗಲೇ ತೀರಬೇಕು. ಈಗ ಎಸರು ತಳಮಳ ಕುದಿಯುವಾಗಲೇ ಸುರಿಯುತ್ತೇವೆ, ಪರಾತದಲ್ಲಿ ಐದು ನಿಮಿಷ ಹೆಚ್ಚು ನಾದುತ್ತೇವೆ, ಉಂಡಿಯ ಮೇಲೆ ಒದ್ದಿ ಅರಿಬಿ ಮುಚ್ಚುತ್ತೇವೆ. ಹಿಂಗಾರಿಯ ಮಾಲದಂಡಿ ಜೋಳವೇ ಬೇಕು. ಗಿರಣಿಯಿಂದ ತಂದ ಹಿಟ್ಟು ನಾಲ್ಕು ದಿನದೊಳಗೆ ಮುಗಿಯಬೇಕು, ಹಳತಾದರೆ ಜಿಗಿ ಹೋಗುತ್ತದೆ. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ನೀವು ತರುವವರಿದ್ದರೆ ಈ ಐದು ಮಾತು ಗಟ್ಟಿ ಹಿಡಿಯಿರಿ, ನನಗೆ ದಂಡವಾದ ಒಂದು ವಾರದ ಹಿಟ್ಟು ನಿಮಗೆ ಉಳಿಯುತ್ತದೆ.

ರುಚಿ ಕೇಳುತ್ತೀರಿ, ಗೊತ್ತು. ಖಡಕ್ ರೊಟ್ಟಿಗೆ ಮಷಿನ್ ಕೈಗಿಂತ ಒಂದು ಗುಲಗಂಜಿ ಮೇಲೆಯೇ. ಎಲ್ಲ ಕಡೆ ಒಂದೇ ತೆಳು, ಆದ್ದರಿಂದ ಒಂದೇ ಸಮ ಒಣಗುತ್ತದೆ, ನಡುವೆ ಹಸಿ ಉಳಿದು ಬೂಷ್ಟು ಹಿಡಿಯುವ ತಂಟೆ ಇಲ್ಲ. ಬಿಸಿ ರೊಟ್ಟಿಗೆ ಕೈಯೇ ಮೇಲು. ಕೈಯಿಂದ ಬಡಿದದ್ದು ಹಂಚಿನ ಮೇಲೆ ಪುರಿಯಂತೆ ಉಬ್ಬುತ್ತದೆ, ಪದರು ಬಿಡುತ್ತದೆ. ಮಷಿನ್‌ದು ಹತ್ತರಲ್ಲಿ ಆರೋ ಏಳೋ ಉಬ್ಬುತ್ತವೆ. ಸಜ್ಜಿ ರೊಟ್ಟಿ ನಾವು ಈಗಲೂ ಮಷಿನ್‌ಗೆ ಹಾಕುವುದಿಲ್ಲ.

ಆದರೆ "ಕೈರುಚಿ ಹೋತು" ಎನ್ನುವವರಿಗೆ ನನ್ನದೊಂದು ಮಾತಿದೆ. ನಮ್ಮ ಅಜ್ಜಿಯದು ಭೀಮಾ ದಂಡೆಯ ಊರು. ಆಕೆ ನಸುಕಿನ ಮೂರಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಊರಿಗೆ ಗಿರಣಿ ಬಂದಾಗ ಗಂಡಸರು ಗಿರಣಿ ಹಿಟ್ಟು ಸತ್ತ ಹಿಟ್ಟು, ರುಚಿ ಇಲ್ಲ ಎಂದರಂತೆ. ಅಜ್ಜಿ ಅಂಗೈ ತೋರಿಸಿ "ರುಚಿ ಇಲ್ಲೆದ ನೋಡ್ರಿ" ಎಂದಳಂತೆ. ಬೀಸುವ ಪದ ಹೋದವು, ಖರೆ. ಅಜ್ಜಿಗೆ ನೂರಾರು ಪದ ಬರುತ್ತಿದ್ದವು, ನನಗೆ ನಾಲ್ಕು ಬರುತ್ತವೆ, ಮಗಳಿಗೆ ಒಂದೂ ಬರುವುದಿಲ್ಲ. ಅದು ನಷ್ಟವೇ. ಆದರೆ ಆ ಪದ ಉಳಿಯಲೆಂದು ನನ್ನ ಮಗಳನ್ನು ಮೂರಕ್ಕೆ ಎಬ್ಬಿಸಿ ಕಲ್ಲಿನ ಮುಂದೆ ಕೂರಿಸು ಎಂದರೆ ಕೂರಿಸುವುದಿಲ್ಲ. ಗಿರಣಿ ಅಜ್ಜಿಯ ಕೈಯಿಂದ ಬೀಸುಕಲ್ಲು ಬಿಡಿಸಿತು. ಗ್ಯಾಸು ನನ್ನ ಅವ್ವನ ಕಣ್ಣಿನಿಂದ ಹೊಗೆ ಬಿಡಿಸಿತು. ಮನೆಯೊಳಗಿನ ಒಲೆಯ ಹೊಗೆಗೆ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವ್ವನ ಕೆಮ್ಮು ಕೇಳಿ ಬೆಳೆದವಳಿಗೆ ಆ ಅಂಕಿಯನ್ನು ನಂಬುವುದು ಕಷ್ಟವಲ್ಲ. ಈ ಮಷಿನ್ ನನ್ನ ಭುಜದ ಪಾಳಿ.

ಭುಜಕ್ಕೆ ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ತಿಂಗಳಲ್ಲಿ ನನ್ನ ನೋವು ಇಳಿಯಿತು. ಕಾಕಿಯ ಕೈ ಪೂರ್ತಿ ಬರಲಿಲ್ಲ, ವಯಸ್ಸಾಗಿದೆ. ಆದರೆ ಕಳೆದ ದೀಪಾವಳಿಗೆ ಆಕೆ ಕನ್ನಡಿ ಮುಂದೆ ಕೂತು, ತನ್ನ ಕೈಯಿಂದ ತಾನೇ ತಲೆ ಬಾಚಿಕೊಂಡಳು. ಬಾಚಣಿಕೆ ಎರಡು ಸಲ ಜಾರಿ ಬಿತ್ತು. ಎತ್ತಿಕೊಡಲು ಹೋದರೆ "ಬಿಡು, ನಾ ತಗೋತೀನಿ" ಎಂದಳು.

ಇನ್ನು ದೋಷಗಳು. ಬೆಲ್ಟಿಗೆ ಮುಚ್ಚಳವಿಲ್ಲ. ಇದು ಸಣ್ಣ ಮಾತಲ್ಲ. ಎರಡನೇ ತಿಂಗಳು ಜೇವರ್ಗಿಯಾಕಿಯ ಸೆರಗು ಬೆಲ್ಟಿಗೆ ಸಿಕ್ಕಿತು. ಸ್ವಿಚ್ಚು ಗೋಡೆಯಲ್ಲಿತ್ತು, ಕೈಗೆ ಎಟುಕದಷ್ಟು ದೂರ. ಆಪಾ ಓಡಿ ಬಂದು ಆರಿಸುವಷ್ಟರಲ್ಲಿ ಸೀರೆ ಸುತ್ತಿಕೊಂಡು ಆಕೆಯ ಮುಖ ತಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ಎದೆ ಹಾರುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ "ನೋಡ್ಕೊಂಡು ಮಾಡ್ಬೇಕ್ರಿ" ಎಂಬ ಉತ್ತರ ಬಂತು. ಹೆಣ್ಣುಮಕ್ಕಳು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಈ ಕೆಲಸ ಮಾಡುತ್ತಾರೆಂದು ಗೊತ್ತಿದ್ದೂ ಮುಚ್ಚಳವಿಲ್ಲದ ಬೆಲ್ಟು ಕೊಡುವುದು ತಪ್ಪು. ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ₹700ಕ್ಕೆ ಜಾಳಿಗೆ ಮಾಡಿಸಿದೆ, ಸ್ವಿಚ್ಚನ್ನು ಹಿಡಿಕೆಯ ಪಕ್ಕಕ್ಕೆ ತರಿಸಿದೆ. ಮಷಿನ್ ಮೇಲಿನ ಎಚ್ಚರಿಕೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಮಗಳು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಳು: "ಇಲ್ಲಿ ಕೈ ಬ್ಯಾಡ, ಸೆರಗು ಬ್ಯಾಡ."

ರಿಪೇರಿಯದೂ ಅಷ್ಟೇ. ಮೂರನೇ ವಾರ ಬೆಲ್ಟು ಸುಟ್ಟಿತು, ಅವರ ಮನುಷ್ಯ ಬರಲು 11 ದಿನವಾಯಿತು. ಆ 11 ದಿನ ಮತ್ತೆ ಕೈಯೇ ಗತಿ. ಈಗ ಗಂಜ್‌ನಲ್ಲಿ ಗಿರಣಿ ಸಾಮಾನು ಮಾರುವ ಅಂಗಡಿಯಿಂದ ಎರಡು ಬೆಲ್ಟು ತಂದಿಟ್ಟಿದ್ದೇನೆ, ಬದಲಿಸುವುದನ್ನು ಮೂಲಿಮನಿ ತಂಗಿ ಕಲಿತಿದ್ದಾಳೆ. ಕೊಳ್ಳುವ ಮೊದಲು ಬೆಲ್ಟು, ಬೇರಿಂಗು ನಿಮ್ಮ ಊರಿನಲ್ಲೇ ಸಿಗುತ್ತವೆಯೇ ಕೇಳಿ ನೋಡಿ.

ಇನ್ನೊಂದು. ಮಷಿನ್ ಬಡಿಯುತ್ತದೆ, ಬೇಯಿಸುವುದಿಲ್ಲ. ತಾಸಿಗೆ 180 ರೊಟ್ಟಿ ಬಂದು ಬಿದ್ದರೆ ಸುಡಲು ಹಂಚು ಬೇಕಲ್ಲ? ಒಬ್ಬಾಕೆ ಎರಡು ಹಂಚು ನೋಡಿಕೊಂಡರೆ ತಾಸಿಗೆ 60. ಹಾಗಾಗಿ ಆರು ಹಂಚು, ಮೂವರು ಸುಡುವವರು, ಒಬ್ಬಾಕೆ ಮಷಿನ್ ಮುಂದೆ, ಒಬ್ಬಾಕೆ ನಾದಲು. ಲೆಕ್ಕ ನೋಡಿ, ಅದೇ ಐದು ಮಂದಿ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಆರು ಹಂಚಿನ ಖೋಲಿ ಹ್ಯಾಗಿರುತ್ತದೆ ಎಂದು ಬರೆದು ತಿಳಿಸಲಾರೆ. ಶಹಾಬಾದಿ ಫರಸಿ ಕೂಡ ಕಾಲು ಸುಡುತ್ತದೆ. ಬಜೆಟ್ಟಿನಲ್ಲಿ ಒಂದು ಎಕ್ಸಾಸ್ಟ್ ಫ್ಯಾನಿಗೆ ದುಡ್ಡು ಎತ್ತಿಡಿ. ನಾನು ಇಟ್ಟಿರಲಿಲ್ಲ, ಒಂದು ಬೇಸಿಗೆ ಎಲ್ಲರಿಗೂ ತ್ರಾಸು ಕೊಟ್ಟೆ.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ.

2025ರ ಜೂನ್‌ನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಕಲಬುರಗಿ ಹೆಣ್ಣುಮಕ್ಕಳ ಜೋಳದ ರೊಟ್ಟಿಯ ಮಾತೆತ್ತಿದರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆ ಎಂದರು. ಅದು ಬೇರೆ ಸಂಘದವರ ಕೆಲಸ, ಆದರೂ ನಮಗೆಲ್ಲ ಹೆಮ್ಮೆ. ರಾಜ್ಯದ ತಲಾ ಆದಾಯದ ಪಟ್ಟಿಯಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುವ ಜಿಲ್ಲೆ ನಮ್ಮದು. ನಮ್ಮ ರೊಟ್ಟಿಯ ಹೆಸರು ದೇಶ ಕೇಳಿತು ಎಂದಾಗ ಕಣ್ಣು ತುಂಬಿ ಬಂದವು. ಅದರ ಬೆನ್ನಿಗೇ ನಮ್ಮ ಕೇಂದ್ರಕ್ಕೂ ಬೇಡಿಕೆ ಏರಿತು. ಒಬ್ಬ ಕಂತ್ರಾಟುದಾರರು ದಿನಕ್ಕೆ 1,600 ರೊಟ್ಟಿ ಕೇಳಿದರು. ಮಷಿನ್ ಇದೆಯಲ್ಲ ಎಂದು ಹೂಂ ಅಂದೆ.

ಮೂರೂವರೆ ತಿಂಗಳು ಅದನ್ನು ನಡೆಸಿದೆ. ಆ ತಿಂಗಳುಗಳ ಬಗ್ಗೆ ನನಗೆ ಸಂಕಟವಿದೆ. ಕೈಯಲ್ಲಿ ಮಾಡುವಾಗ ನಮ್ಮ ವೇಗ ನಮ್ಮದು. ಒಬ್ಬಾಕೆಗೆ ದಣಿವಾದರೆ ಇನ್ನೊಬ್ಬಾಕೆ ಹಾಡು ಎತ್ತುತ್ತಿದ್ದಳು, ಹತ್ತಕ್ಕೆ ಚಹಾ, ನಡುವೆ ಊರ ಸುದ್ದಿ. ಮಷಿನ್‌ಗೆ ದಣಿವಿಲ್ಲ. ಇಪ್ಪತ್ತು ಸೆಕೆಂಡಿಗೆ ಒಂದು ರೊಟ್ಟಿ ಬಂದು ಬೀಳುತ್ತದೆ, ನೀವು ಅತ್ತ ತಿರುಗಿದರೆ ಮೂರು ಸಾಲುಗಟ್ಟುತ್ತವೆ, ಒಣಗುತ್ತವೆ, ಬಿರಿಯುತ್ತವೆ. ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಸುಕಿನಿಂದ ಸಂಜೆ ಐದರ ತನಕ ನಿಂತೇ ಕೆಲಸ. ಮೊದಲು ಕೂತು ಮಾಡುತ್ತಿದ್ದೆವು, ಈಗ ಹಂಚುಗಳ ನಡುವೆ ನಿಂತು. ಒಂದು ಸಂಜೆ ಕಾಕಿ ಹೊಸ್ತಿಲ ಮೇಲೆ ಕೂತು ಮೀನಗಂಡ ಒತ್ತಿಕೊಳ್ಳುತ್ತ ಹೇಳಿದಳು: "ಮಷಿನ್ ಬಂದು ತೋಳು ಉಳೀತವ್ವಾ, ಖರೆ. ಕಾಲು ಹೋದ್ವು."

ಆ ರಾತ್ರಿ ನಿದ್ದೆ ಬರಲಿಲ್ಲ. ಮಷಿನ್ ಒಂದು ದಿನಕ್ಕೆ ಇಷ್ಟು ತಾಸು ಉಳಿಸಿಕೊಡುತ್ತದೆ, ಅದು ನಿಜ. ಆ ತಾಸುಗಳು ಎಲ್ಲಿ ಹೋದವು? ಎಲ್ಲವನ್ನೂ ನಾನೇ ಎತ್ತಿ ಕಂತ್ರಾಟುದಾರರ ಕೈಗೆ ಕೊಟ್ಟಿದ್ದೆ. ನನ್ನ ಕೈಗೆ ರೊಕ್ಕ ಬಂದಿತ್ತು. ಆ ನಾಲ್ವರ ಕೈಗೆ ರೊಟ್ಟಿಯ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚು ಬಂದಿತ್ತು, ಹೊತ್ತು ಮಾತ್ರ ಒಂದು ನಿಮಿಷವೂ ಬಂದಿರಲಿಲ್ಲ. ಇದೇ ಊರಿನಲ್ಲಿ ಇದೇ ನಮೂನೆಯ ಮಷಿನ್ ತಂದ ಇನ್ನೊಂದು ಕಡೆ ಎಂಟು ಜನರಿದ್ದಲ್ಲಿ ಈಗ ಮೂವರು. ಅಲ್ಲಿ ಉಳಿದ ಹೊತ್ತು ಬೀದಿಗೆ ಬಿದ್ದ ಐವರ ಮನೆಯಲ್ಲಿ ಖಾಲಿ ಕೂತಿದೆ. ಎರಡು ಕಡೆಯೂ ಕಬ್ಬಿಣ ಅದೇ, ಮೋಟಾರು ಅದೇ.

ನಮ್ಮ ಪಕ್ಕದ ಕಲ್ಯಾಣದ ಕತೆ ಎಲ್ಲರಿಗೂ ಗೊತ್ತಿದೆ. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಳಗೆ ಇಟ್ಟುಕೊಳ್ಳಲಿಲ್ಲ, ಇದು ನಮಗೆ ಬೇಕಾದ್ದಕ್ಕಿಂತ ಜಾಸ್ತಿ, ತಿರುಗಿ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಸಣ್ಣಾಕಿ ಇದ್ದಾಗಿನಿಂದ ಕೇಳಿದ ಕತೆ. ಬಡತನದ ಹೊಗಳಿಕೆ ಎಂದು ತಿಳಿದಿದ್ದೆ. ನಿಂತು ನಿಂತು ಕಾಲು ಊದಿಸಿಕೊಂಡ ಮೇಲೆ ಬೇರೆ ಕಂಡಿತು. ಎಷ್ಟು ಸಾಕು ಎಂದು ಹೇಳುವ ಬಾಯಿ ಆ ಮನೆಯಲ್ಲಿ ಲಕ್ಕಮ್ಮನದಾಗಿತ್ತು. ನಮ್ಮ ಖೋಲಿಯಲ್ಲಿ ಆ ಮಾತು ಆಡುವವರು ಯಾರು? ನಾನೂ ಅಲ್ಲ, ಕಾಕಿಯೂ ಅಲ್ಲ. ಕಂತ್ರಾಟುದಾರರು ಹೇಳಿದ್ದೇ ಲೆಕ್ಕವಾಗಿತ್ತು.

ಮರುದಿನ ಮಷಿನ್ ಹಚ್ಚಲಿಲ್ಲ. ಐವರೂ ಕೂತು ಲೆಕ್ಕದ ಬುಕ್ಕು ನಡುವೆ ಇಟ್ಟುಕೊಂಡೆವು. ಯಾರಿಗೆ ತಿಂಗಳಿಗೆ ಎಷ್ಟು ಬೇಕು, ಸಂಘದ ಕಂತು ಎಷ್ಟು, ಗ್ಯಾಸು ಎಷ್ಟು, ಜೋಳ ಎಷ್ಟು. ಮೂಲಿಮನಿ ತಂಗಿ ಬರೆದಳು. ದಿನಕ್ಕೆ 900 ರೊಟ್ಟಿಯಾದರೆ ಎಲ್ಲರಿಗೂ ಮೊದಲಿಗಿಂತ ಚಲೋ ಆಗುತ್ತದೆ ಎಂದು ತಿಳಿಯಿತು. ರೊಟ್ಟಿಯ ಎಣಿಕೆಯ ಕೂಲಿ ಬಿಟ್ಟು ದಿನಕ್ಕೆ ₹400 ಮಾಡಿದೆವು, ಮೊದಲು ₹320 ಬೀಳುತ್ತಿತ್ತು. ಮುಂಜಾನೆ 6ಕ್ಕೆ ಶುರು, 12ಕ್ಕೆ ಮಷಿನ್ ಬಂದ್, 1ಕ್ಕೆ ಎಲ್ಲರೂ ಮನೆಗೆ. ಯಾರನ್ನೂ ಬಿಡಿಸುವುದಿಲ್ಲ. ತಾಸಿಗೊಮ್ಮೆ ಐದು ನಿಮಿಷ ಮಷಿನ್ ಆರಿಸಿ ಕೂರುವುದು, ಆ ಐದು ನಿಮಿಷದಲ್ಲಿ ಚಹಾ ಮತ್ತು ಮಾತು. ಕಂತ್ರಾಟು ಬಿಟ್ಟೆ. ಅದರಿಂದ ನನಗೆ ತಿಂಗಳಿಗೆ ಬರುತ್ತಿದ್ದ ದೊಡ್ಡ ಮೊತ್ತ ಹೋಯಿತು, ಮನೆಯಲ್ಲಿ ಮಾತೂ ಬಂತು. ಮಷಿನ್‌ನ ಸಾಲ ಎಂಟು ತಿಂಗಳಲ್ಲಿ ತೀರಬೇಕಿದ್ದದ್ದು 13 ತಿಂಗಳಿಗೆ ತೀರಿತು. ತೀರಿತಲ್ಲ.

ನಮ್ಮ ಕಡೆ ಜೋಳದ ಕಲ್ಲು, ಕಸ, ಹುಳು ಆರಿಸುವುದಕ್ಕೆ ಹಸನು ಮಾಡುವುದು ಅನ್ನುತ್ತೇವೆ. ಒಬ್ಬರ ಮನೆತನ ನೆಟ್ಟಗಾದರೆ "ಆಕಿ ಬಾಳೇವು ಹಸನಾತು" ಅನ್ನುತ್ತೇವೆ. ಎರಡಕ್ಕೂ ಒಂದೇ ಮಾತು ಏಕೆ ಎಂದು ಈ ವರ್ಷ ತಿಳಿಯಿತು. ಮೊರದಲ್ಲಿ ಹಾಕಿ ಕೇರುವಾಗ ಜೋಳ ಹೆಚ್ಚಾಗುವುದಿಲ್ಲ. ಕಲ್ಲು ಹೋಗುತ್ತದೆ.

ಮಧ್ಯಾಹ್ನದ ಹೊತ್ತು ಸಿಕ್ಕ ಮೇಲೆ ಯಾರು ಏನು ಮಾಡಿದರು? ಆಪಾ ಮೊದಲ ಒಂದು ತಿಂಗಳು ಬರೀ ಮಲಗಿದಳು. ಊಟ ಮಾಡಿ ಎರಡು ತಾಸು ನಿದ್ದೆ. "ಇಷ್ಟ ನಿದ್ದಿ ನಮ್ಮವ್ವನ ಮನ್ಯಾಗ ಇದ್ದಾಗ ಮಾಡಿದ್ದೆ" ಎಂದಳು. ಅದನ್ನು ಅಭಿವೃದ್ಧಿ ಎಂದು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಜೇವರ್ಗಿಯಾಕಿ ಮಗನ ಶಾಲೆಗೆ ಮೊದಲ ಸಲ ಹೋಗಿ ಮಾಸ್ತರರ ಹತ್ತಿರ ಮಾತಾಡಿದಳು, ಹುಡುಗ ವಾರದಲ್ಲಿ ಎರಡು ದಿನ ಶಾಲೆ ತಪ್ಪಿಸುತ್ತಿದ್ದಾನೆಂದು ಆಗ ಗೊತ್ತಾಯಿತು. ಮೂಲಿಮನಿ ತಂಗಿ ಹೊಲಿಗೆ ಮಷಿನ್ ಹಚ್ಚಿದ್ದಾಳೆ, ಅದು ಅವಳಿಗೆ ಬೇಕಾಗಿ ಮಾಡುವ ದುಡಿಮೆ. ಕಾಕಿ ನನ್ನ ಮಗಳ ಹತ್ತಿರ ಅಕ್ಷರ ಕಲಿಯುತ್ತಿದ್ದಾಳೆ. ಹೆಬ್ಬೆಟ್ಟು ಒತ್ತುತ್ತಿದ್ದಾಕೆ ಮೊದಲು ಸಹಿ ಕಲಿತಳು. ಹೋದ ತಿಂಗಳು ಹಿಟ್ಟು ತುಂಬಿದ ಕೈ ಸೆರಗಿಗೆ ಒರೆಸಿಕೊಂಡು, ಮಷಿನ್ ಮೇಲಿನ ಕೆಂಪಕ್ಷರದ ಮೇಲೆ ಬೆರಳಿಟ್ಟು "ಇ... ಲ್ಲಿ... ಕೈ... ಬ್ಯಾ... ಡ" ಎಂದು ಓದಿದಳು. ಓದಿದ ಮೇಲೆ ಆ ಬೆರಳನ್ನು ತಟ್ಟನೆ ಹಿಂದಕ್ಕೆ ತಗೊಂಡಳು.

ನಾನು ಸಂಜೆ ಅಪ್ಪನ ಕೆರೆಯ ದಂಡೆಯಲ್ಲಿ ನಡೆಯುತ್ತೇನೆ. ಪೇಪರ್ ಪೂರ್ತಿ ಓದುತ್ತೇನೆ. ಮಗಳು ಬಿಎ ಅರ್ಥಶಾಸ್ತ್ರ, ಅವಳ ಜೊತೆ ಕೂತು ವಾದ ಮಾಡುತ್ತೇನೆ. ಅವಳು ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗಿಲ್ಲ. ನಾನು ಮನೆಯವರಿಗೆ ದಿನಾ ಬಡಿಯುವ ರೊಟ್ಟಿ ದೇಶದ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಅದೇ ಹಿಟ್ಟು, ಅದೇ ಹಂಚು, ಮಾರಿದರೆ ಸೇರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಜನರ ದಿನದ ಹೊತ್ತಿನ ಲೆಕ್ಕ ತೆಗೆದಿದೆ. ಮನೆಗೆಲಸ ಮಾಡುವ ಹೆಂಗಸರು ಕೂಲಿಯಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಐದು ತಾಸಿಗೆ ಹನ್ನೊಂದು ನಿಮಿಷ ಕಡಿಮೆ! ನಮ್ಮ ಐವರು ಇಲ್ಲಿ ಬಡಿದು ಮುಗಿಸಿ ಮನೆಗೆ ಹೋಗಿ ಮತ್ತೆ ಅಲ್ಲಿ ಬಡಿಯುವವರು. ಅದಕ್ಕೆ ಈಗ ಒಂದು ರೂಢಿ ಮಾಡಿದ್ದೇವೆ. 12ಕ್ಕೆ ಮಷಿನ್ ಆರಿಸುವ ಮೊದಲು ಕೊನೆಯ 60 ರೊಟ್ಟಿ ನಮ್ಮ ಮನೆಗಳಿಗೆ, ತಲಾ 12. ಮನೆಗೆ ಹೋಗಿ ಪಲ್ಯ ಒಂದು ಮಾಡಿದರಾಯಿತು. ನನ್ನ ಮಟ್ಟಿಗೆ ಈ ಮಷಿನ್ ಮಾಡಿದ ದೊಡ್ಡ ಕೆಲಸ ಈ 60 ರೊಟ್ಟಿ.

ಕೊಳ್ಳುವವರಿಗೆ ಉಳಿದ ಮಾತು. ಕರೆಂಟು ಹೆಚ್ಚು ಎಳೆಯುವುದಿಲ್ಲ, ಆರು ತಾಸು ನಡೆದರೂ ದಿನಕ್ಕೆ ಎರಡು ಎರಡೂವರೆ ಯೂನಿಟ್. ಆದರೆ ಮನೆ ಮೀಟರಿಗೆ ಜೋಡಿಸಬೇಡಿ. ಗೃಹಜ್ಯೋತಿಯ ಉಚಿತ ಕರೆಂಟು ಮನೆ ಬಳಕೆಗೆ ಮಾತ್ರ. 2023ರ ಆಗಸ್ಟ್‌ನಲ್ಲಿ ಆ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಊರಿನಲ್ಲೇ, ಅದಕ್ಕೆ ಇಲ್ಲಿ ಎಲ್ಲರಿಗೂ ಗೊತ್ತು, ಆದರೂ ತಪ್ಪು ಮಾಡುತ್ತಾರೆ. ವ್ಯಾಪಾರದ ಮೀಟರ್ ಬೇರೆ ತಗೊಳ್ಳಿ. ಸಾಲದ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸಂಘದಿಂದ ₹50,000 ಎತ್ತಿ, ಉಳಿದದ್ದು ಕೂಡಿಟ್ಟದ್ದರಲ್ಲಿ ಕೊಟ್ಟು ಮಷಿನ್ ತಂದುಬಿಟ್ಟೆ. ಸಣ್ಣ ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ನಾನು ಮಷಿನ್ ತರುವಾಗ ಕೇಂದ್ರದ ಸಹಾಯಧನ ನೂರಕ್ಕೆ 35 ಇತ್ತು, ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಮೊದಲು ಅರ್ಜಿ, ಆಮೇಲೆ ಸಾಲ, ಆಮೇಲೆ ಮಷಿನ್. ನಾನು ತಿರುವುಮುರುವು ಮಾಡಿದೆ, ಸಹಾಯಧನ ತಪ್ಪಿತು. ಹೆಜ್ಜೆ ಇಡುವ ಮೊದಲು ಕೃಷಿ ಇಲಾಖೆಯ ಕಚೇರಿಯಲ್ಲಿ ಕೂತು ಕೇಳಿ ಬನ್ನಿ.

ದಿನಕ್ಕೆ 300ಕ್ಕಿಂತ ಕಡಿಮೆ ರೊಟ್ಟಿ ಮಾಡುವವರಿಗೆ ಇದು ಬೇಡ, ತೊಳೆದು ಒರೆಸುವುದಕ್ಕೇ ಅರ್ಧ ತಾಸು ಬೇಕು. ಬಿಸಿ ರೊಟ್ಟಿಯೊಂದೇ ಮಾರುವ ಖಾನಾವಳಿಗೂ ನಾನು ಹೇಳುವುದಿಲ್ಲ. ನಾಲ್ಕೈದು ಮಂದಿ ಹೆಣ್ಣುಮಕ್ಕಳು ಕೂಡಿ, ತಮ್ಮ ಹೆಸರಿನಲ್ಲಿ ತಾವೇ ತರುವುದಾದರೆ ಕಣ್ಣು ಮುಚ್ಚಿ ತರಲಿ. ಯಾರದೋ ಕಾರ್ಖಾನೆಯಲ್ಲಿ ಅದರ ಮುಂದೆ ನಿಲ್ಲುವುದಾದರೆ, ಸ್ವಿಚ್ಚು ಎಷ್ಟು ಗಂಟೆಗೆ ಆರುತ್ತದೆ ಎಂದು ಕೂಲಿಯ ಜೊತೆಗೇ ಕೇಳಿಕೊಳ್ಳಲಿ.

ನೋಡಿ ತಗೊಳ್ಳುತ್ತೇವೆ ಎನ್ನುವವರು ಯಾವ ದಿನ ಬೇಕಾದರೂ ಬನ್ನಿ, ಭಾನುವಾರ ಬಿಟ್ಟು. ನಿಮ್ಮ ಹಿಟ್ಟು ನೀವೇ ತನ್ನಿ, ನಿಮ್ಮ ಕೈಯಿಂದಲೇ ನಾದಿ ಹಾಕಿ ನೋಡಿ. ಹನ್ನೊಂದರ ಒಳಗೆ ಬಂದರೆ ಚಲೋ. ಹನ್ನೆರಡಾದ ಮೇಲೆ ಬಂದರೆ ಮಷಿನ್ ನಿಂತಿರುತ್ತದೆ, ಹಚ್ಚಿ ತೋರಿಸುವುದಿಲ್ಲ. ಚಹಾ ಮಾಡಿಕೊಡುತ್ತೇನೆ.